ಮನವಿಗೆ ಕಡತ ಸಂಖ್ಯೆ ಬೀಳುವ ತನಕ

ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ವಾರಕ್ಕೊಮ್ಮೆಯಾದರೂ ಕಾಣುವ ಒಂದು ಫೋಟೊ ಇದೆ. ಎಂಟು ಹತ್ತು ವಿದ್ಯಾರ್ಥಿಗಳು, ನಡುವೆ ಒಬ್ಬ ಅಧಿಕಾರಿ, ಎಲ್ಲರ ಕೈಯೂ ಒಂದೇ ಹಾಳೆಯ ಮೇಲೆ. ಕೊಡುವವರು ಯಾರು, ಪಡೆಯುವವರು ಯಾರು ಎಂದು ಹೇಳುವುದೇ ಕಷ್ಟ, ಏಕೆಂದರೆ ಹಾಳೆಯನ್ನು ಬಿಟ್ಟು ಎಲ್ಲರೂ ಕ್ಯಾಮೆರಾ ನೋಡುತ್ತಿರುತ್ತಾರೆ. ಕೆಳಗೆ ಒಂದು ಸಾಲು: ವಿವಿಧ ಬೇಡಿಕೆಗಳ ಈಡೇರಿಕೆಗೆ ಆಗ್ರಹಿಸಿ ವಿದ್ಯಾರ್ಥಿಗಳು ಕುಲಸಚಿವರಿಗೆ ಮನವಿ ಸಲ್ಲಿಸಿದರು. ಆ ವಿವಿಧ ಬೇಡಿಕೆಗಳು ಯಾವುವು ಎಂದು ಪತ್ರಿಕೆ ಬರೆಯುವುದಿಲ್ಲ. ಹಾಳೆ ಮುಂದೆ ಏನಾಯಿತೆಂದು ಫೋಟೊದಲ್ಲಿದ್ದವರೂ ವಿಚಾರಿಸುವುದಿಲ್ಲ.

ನಾನು ಆ ಹಾಳೆಯ ಮುಂದಿನ ಗತಿಯನ್ನು ನೋಡಿಕೊಂಡೇ ಸಂಬಳ ಎಣಿಸಿದವನು. ರಾಜ್ಯದ ಒಂದು ವಿಶ್ವವಿದ್ಯಾಲಯದ ಆಡಳಿತ ಕಚೇರಿಯಲ್ಲಿ ಟಪಾಲು ಶಾಖೆಯಿಂದ ಶುರುಮಾಡಿ, ಬೇರೆ ಬೇರೆ ಶಾಖೆಗಳಲ್ಲಿ ವಿಷಯ ನಿರ್ವಾಹಕನಾಗಿ ಕೂತು, ಅಧೀಕ್ಷಕನಾಗಿ ನಿವೃತ್ತನಾದೆ. ವಿದ್ಯಾರ್ಥಿ ಚಳವಳಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಗೇಟಿನ ಹೊರಗೆ ನಿಂತು ಘೋಷಣೆ ಕೂಗಿದವರು. ಗೇಟಿನ ಒಳಗೆ, ಮೇಜಿನ ಈಚೆ ಕಡೆಯಲ್ಲಿ ಕೂತವನಿಗೆ ಕಂಡದ್ದು ಸ್ವಲ್ಪ ಬೇರೆ.

ಹಾಳೆ ಬಂದ ಕೂಡಲೇ ಏನಾಗುತ್ತದೆ ಎಂಬುದನ್ನೇ ಮೊದಲು ಹೇಳುತ್ತೇನೆ. ಫೋಟೊ ತೆಗೆದು ಎಲ್ಲರೂ ಹೋದ ಮೇಲೆ ಕುಲಸಚಿವರು ಹಾಳೆಯ ಎಡ ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಒಂದು ಷರಾ ಬರೆಯುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಅದು ‘ಪರಿಶೀಲಿಸಿ ಮಂಡಿಸಿ’. ಹಾಳೆ ಟಪಾಲು ಶಾಖೆಗೆ ಇಳಿಯುತ್ತದೆ, ಆವಕ ಸಂಖ್ಯೆ ಬೀಳುತ್ತದೆ, ಸಂಬಂಧಪಟ್ಟ ಶಾಖೆಗೆ ಹೋಗುತ್ತದೆ. ಅಲ್ಲಿ ವಿಷಯ ನಿರ್ವಾಹಕ ಅದನ್ನು ಒಂದು ಕಡತಕ್ಕೆ ಸೇರಿಸಿ, ಟಿಪ್ಪಣಿ ಹಾಳೆಯಲ್ಲಿ ನಾಲ್ಕು ವಾಕ್ಯ ಬರೆಯಬೇಕು: ಏನು ಕೇಳಿದ್ದಾರೆ, ನಿಯಮ ಏನು ಹೇಳುತ್ತದೆ, ಹಿಂದೆ ಹೀಗೆ ಆಗಿದೆಯೇ, ಖರ್ಚೆಷ್ಟು. ಆಮೇಲೆ ಕಡತ ಅಧೀಕ್ಷಕ, ಸಹಾಯಕ ಕುಲಸಚಿವ, ಉಪ ಕುಲಸಚಿವ ಎಂದು ಒಂದೊಂದೇ ಮೆಟ್ಟಿಲು ಹತ್ತುತ್ತದೆ. ಕುಲಪತಿಗಳ ಮೇಜಿಗೆ ಬರುವ ಹೊತ್ತಿಗೆ ಅವರು ಓದುವುದು ವಿದ್ಯಾರ್ಥಿಗಳ ಮನವಿಯನ್ನಲ್ಲ, ಆ ನಾಲ್ಕು ವಾಕ್ಯದ ಟಿಪ್ಪಣಿಯನ್ನು. ಮನವಿ ಕೆಳಗೆ ಎಲ್ಲೋ ಟ್ಯಾಗಿನಲ್ಲಿ ಸಿಕ್ಕಿಕೊಂಡಿರುತ್ತದೆ.

ಹಾಗಾಗಿ ಮನವಿ ಬರೆಯುವ ಹುಡುಗರಿಗೆ ನಾನು ಹೇಳುವುದು ಇಷ್ಟೇ: ನೀವು ಕುಲಪತಿಗಳಿಗೆ ಬರೆಯುತ್ತಿದ್ದೀರೆಂದು ಅಂದುಕೊಳ್ಳಬೇಡಿ. ಮೂರನೇ ಕೊಠಡಿಯಲ್ಲಿ, ಎಡಗಡೆ ಕಬ್ಬಿಣದ ಬೀರುವಿನ ಪಕ್ಕ ಕೂತಿರುವ ವಿಷಯ ನಿರ್ವಾಹಕನಿಗೆ ಬರೆಯುತ್ತಿದ್ದೀರಿ. ಅವನು ಕೆಟ್ಟವನಲ್ಲ. ಅವನ ಮುಂದೆ ಅರವತ್ತು ಕಡತಗಳಿವೆ. ಅವನು ಬರೆಯಬೇಕಾದ ನಾಲ್ಕು ವಾಕ್ಯಗಳನ್ನು ನಿಮ್ಮ ಮನವಿಯೇ ಒದಗಿಸಿದರೆ ಅವನು ಅವನ್ನೇ ಬರೆಯುತ್ತಾನೆ. ಒದಗಿಸದಿದ್ದರೆ ಅವನಿಗೆ ಬಾಯಿಪಾಠವಾಗಿರುವ ಒಂದು ವಾಕ್ಯವಿದೆ: ‘ಸದರಿ ಕೋರಿಕೆಯನ್ನು ಪರಿಗಣಿಸಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ.’

ಈಚೆಗೆ ನಮ್ಮ ಬೀದಿಯ ಹುಡುಗಿಯೊಬ್ಬಳು, ಸ್ನಾತಕೋತ್ತರ ಓದುತ್ತಿರುವವಳು, ಮೊಬೈಲಿನಲ್ಲಿ ಒಂದು ಕರಡು ತೋರಿಸಿದಳು. ‘ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಶುರುವಾಗಿ ಹದಿನಾಲ್ಕು ಬೇಡಿಕೆಗಳಿಗೆ ಹೋಗಿ ನಿಂತಿತ್ತು. ಹಾಸ್ಟೆಲಿನ ನೀರು, ವಿದ್ಯಾರ್ಥಿವೇತನ, ಸಂಜೆಯ ಬಸ್ಸು, ತಡವಾದ ಫಲಿತಾಂಶ, ವೈಫೈ, ಕ್ಯಾಂಟೀನಿನ ಅನ್ನ, ಅತಿಥಿ ಉಪನ್ಯಾಸಕರ ನೇಮಕ, ಕೊನೆಯಲ್ಲಿ ಕ್ಯಾಂಪಸ್ಸಿನಲ್ಲಿ ಒಬ್ಬ ಮಹನೀಯರ ಪ್ರತಿಮೆ. ‘ಎಲ್ಲರನ್ನೂ ಸೇರಿಸಿಕೊಳ್ಳಬೇಕಲ್ಲ ಅಂಕಲ್, ಒಬ್ಬೊಬ್ಬರದು ಒಂದೊಂದು ಕಷ್ಟ’ ಎಂದಳು. ಅವಳ ಮಾತಿನಲ್ಲಿ ನ್ಯಾಯವಿದೆ. ಆದರೆ ಒಂದು ಹಾಳೆ ಒಂದೇ ಶಾಖೆಗೆ ಹೋಗುತ್ತದೆ. ಹದಿನಾಲ್ಕು ಬೇಡಿಕೆಯ ಹಾಳೆ ಸಿಕ್ಕ ವಿಷಯ ನಿರ್ವಾಹಕ ಅದರಲ್ಲಿ ಅತಿ ಸುಲಭದ್ದನ್ನು ಆರಿಸಿಕೊಳ್ಳುತ್ತಾನೆ. ‘ವಿದ್ಯಾರ್ಥಿನಿಲಯದ ನೀರಿನ ತೊಟ್ಟಿಯನ್ನು ಸ್ವಚ್ಛಗೊಳಿಸಲಾಗಿದೆ, ಕಡತವನ್ನು ಮುಕ್ತಾಯಗೊಳಿಸಬಹುದು.’ ಉಳಿದ ಹದಿಮೂರು ಬೇಡಿಕೆಗಳು ತೊಟ್ಟಿಯ ಜೊತೆಗೇ ಮುಕ್ತಾಯ.

ಇನ್ನೊಂದು, ಆ ಹದಿನಾಲ್ಕರಲ್ಲಿ ಅರ್ಧದಷ್ಟು ವಿಶ್ವವಿದ್ಯಾಲಯದ ಕೈಯಲ್ಲಿಯೇ ಇಲ್ಲ. ಹಾಸ್ಟೆಲ್ ಸಿಗದವರ ಊಟ, ವಸತಿಗೆಂದು ಕೊಡುವ ವಿದ್ಯಾಸಿರಿಯ ತಿಂಗಳ ಹಣ ಬರಲಿಲ್ಲವೆಂದು ಕುಲಪತಿಗಳ ಕೊಠಡಿ ಮುಂದೆ ಕೂತವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆ ಹಣ ಕೊಡುವುದು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ, ಅರ್ಜಿ ಹೋಗುವುದು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನ ಮೂಲಕ. ವಿಶ್ವವಿದ್ಯಾಲಯ ಮಾಡಬಹುದಾದದ್ದು ತನ್ನ ಹಂತದ ಪರಿಶೀಲನೆಯನ್ನು ಮುಗಿಸುವುದಷ್ಟೇ. ‘ನಮ್ಮ ಅರ್ಜಿಗಳು ನಿಮ್ಮ ಲಾಗಿನ್‌ನಲ್ಲಿ ಬಾಕಿ ಇವೆ, ಪಟ್ಟಿ ಇಲ್ಲಿದೆ’ ಎಂದು ಬರೆದುಕೊಟ್ಟರೆ ಅದೇ ಸಂಜೆ ಕೆಲಸವಾಗುತ್ತದೆ. ‘ವಿದ್ಯಾರ್ಥಿವೇತನ ಬಿಡುಗಡೆ ಮಾಡಿ’ ಎಂದು ಬರೆದರೆ ಮೇಲಿನವರಿಗೆ ಒಂದು ಪತ್ರ ಹೋಗುತ್ತದೆ, ಅಷ್ಟೇ. ಬಸ್ಸಿನದೂ ಹಾಗೆಯೇ. ಸಂಜೆಯ ಬಸ್ಸು ಬೇಕೆಂದರೆ ಸಾರಿಗೆ ಸಂಸ್ಥೆಯ ಘಟಕ ವ್ಯವಸ್ಥಾಪಕರು ಅಥವಾ ವಿಭಾಗೀಯ ನಿಯಂತ್ರಣಾಧಿಕಾರಿ. ಪರೀಕ್ಷೆಯ ವಿಷಯವಾದರೆ ಕುಲಸಚಿವರಲ್ಲ, ಮೌಲ್ಯಮಾಪನ ಕುಲಸಚಿವರು. ಇಬ್ಬರೂ ಬೇರೆ, ಬಹುತೇಕ ಕಡೆ ಕಟ್ಟಡವೂ ಬೇರೆ.

ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000 ಎಂಬ ಕಾನೂನಿದೆ. ವಿದ್ಯಾರ್ಥಿ ಮುಖಂಡರಲ್ಲಿ ಅದನ್ನು ತೆರೆದು ನೋಡಿದವರನ್ನು ನಾನು ಬೆರಳೆಣಿಕೆಯಲ್ಲಿ ಕಂಡಿದ್ದೇನೆ. ಹಣ, ಆಸ್ತಿ, ಆಡಳಿತದ ದೊಡ್ಡ ತೀರ್ಮಾನಗಳು ಸಿಂಡಿಕೇಟಿನವು. ಪಠ್ಯ, ಪರೀಕ್ಷೆಯ ಮಾನದಂಡಗಳು ಶೈಕ್ಷಣಿಕ ಪರಿಷತ್ತಿನವು, ಅದಕ್ಕೂ ಕೆಳಗೆ ಆಯಾ ವಿಷಯದ ಅಧ್ಯಯನ ಮಂಡಳಿಯವು. ಪಠ್ಯದಿಂದ ಒಂದು ಪತ್ರಿಕೆಯನ್ನು ತೆಗೆಯಬೇಕೆಂದೋ ಸೇರಿಸಬೇಕೆಂದೋ ಇದ್ದರೆ ಕುಲಪತಿಗಳ ಕಾರಿಗೆ ಅಡ್ಡ ನಿಲ್ಲುವುದಕ್ಕಿಂತ ಅಧ್ಯಯನ ಮಂಡಳಿಯ ಅಧ್ಯಕ್ಷರಾಗಿರುವ ನಿಮ್ಮದೇ ಪ್ರಾಧ್ಯಾಪಕರ ಕೊಠಡಿಯ ಬಾಗಿಲು ತಟ್ಟುವುದು ಹತ್ತಿರದ ದಾರಿ. ಸಿಂಡಿಕೇಟಿನ ಸಭೆ ದಿನಾ ನಡೆಯುವುದಿಲ್ಲ. ಸಭೆಗೆ ಕೆಲವು ದಿನ ಮೊದಲೇ ಕಾರ್ಯಸೂಚಿ ಸಿದ್ಧವಾಗಿ ಸದಸ್ಯರಿಗೆ ಹೋಗಿರುತ್ತದೆ. ಸಭೆಯ ದಿನ ಬೆಳಿಗ್ಗೆ ಬಂದು ಘೋಷಣೆ ಕೂಗಿದವರಿಗೆ ಕಿಟಕಿಯಿಂದ ಕೈಬೀಸುತ್ತಾರೆ. ಮೂರು ವಾರ ಮೊದಲು ಬಂದವರ ವಿಷಯಕ್ಕೆ ಕಾರ್ಯಸೂಚಿಯಲ್ಲಿ ಒಂದು ಕ್ರಮಸಂಖ್ಯೆ ಸಿಗುತ್ತದೆ.

ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ನೇರ ಚುನಾವಣೆಗಳು ನಿಂತು ಮೂರು ದಶಕ ದಾಟಿದೆ. ಚುನಾವಣೆ ಬೇಕೇ ಬೇಡವೇ ಎಂಬ ಜಗಳಕ್ಕೆ ನಾನು ಇಲ್ಲಿ ಹೋಗುವುದಿಲ್ಲ. ಆದರೆ ಚುನಾಯಿತ ಪ್ರತಿನಿಧಿ ಇಲ್ಲದ ಕ್ಯಾಂಪಸ್ಸಿನಲ್ಲಿ ವಿದ್ಯಾರ್ಥಿಯ ಮಾತು ಮೇಲಕ್ಕೆ ಹೋಗಲು ಉಳಿದ ದಾರಿಗಳು ಎರಡೇ, ಧರಣಿ ಮತ್ತು ಮನವಿ. ಧರಣಿ ಟಿ.ವಿ.ಯಲ್ಲಿ ಬರುತ್ತದೆ, ಮನವಿ ಕಡತದಲ್ಲಿ ಉಳಿಯುತ್ತದೆ. ಕಡತಕ್ಕೆ ಮರೆವಿಲ್ಲ, ಅದನ್ನು ಯಾರಾದರೂ ತೆರೆದರೆ.

ಈ ನಾಡಿಗೆ ಮನವಿ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಶುರುಮಾಡಿದಾಗ ಅದಕ್ಕೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ದಸರೆಯ ಹೊತ್ತಿಗೆ ತಾಲ್ಲೂಕುಗಳಿಂದ ಬಂದವರು ತಮ್ಮ ಊರಿನ ಅಹವಾಲು ಹೇಳಿಕೊಳ್ಳುತ್ತಿದ್ದರು, ದಿವಾನರು ಉತ್ತರ ಕೊಡುತ್ತಿದ್ದರು. ಬರೀ ಅಹವಾಲಿನ ಸಭೆ ಎಂದು ಹೀಗಳೆಯಬಹುದು. ಆದರೆ ಆ ಅಹವಾಲಿನ ಅಭ್ಯಾಸದಿಂದಲೇ ಮುಂದೆ ದೊಡ್ಡದೊಂದು ಹುಟ್ಟಿತು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಸ್ಥಾಪನೆಯಾಯಿತು. ಮರುವರ್ಷ ಅದರ ಮುಖಂಡರು ನಾಲ್ವಡಿ ಕೃಷ್ಣರಾಜ ಒಡೆಯರನ್ನು ಕಂಡು, ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರ ಸಮುದಾಯಗಳಿಗೆ ಪಾಲು ಸಿಗುತ್ತಿಲ್ಲವೆಂದು ಮನವಿ ಕೊಟ್ಟರು. ಮಹಾರಾಜರು ಅದೇ 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. 1919ರಲ್ಲಿ ವರದಿ, 1921ರಲ್ಲಿ ಸರ್ಕಾರಿ ಆದೇಶ. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಾಗಿರಲಿಲ್ಲ; ಅವರು 1918ರ ಕೊನೆಗೆ ಹುದ್ದೆ ಬಿಟ್ಟರು. ಇತಿಹಾಸದ ಮೇಷ್ಟರುಗಳು ಇದನ್ನು ಮೀಸಲಾತಿಯ ಅಧ್ಯಾಯದಲ್ಲಿ ಕಲಿಸುತ್ತಾರೆ, ಸರಿಯೇ. ಕಚೇರಿಯವನಾದ ನನ್ನ ಕಣ್ಣಿಗೆ ಮಾತ್ರ ಅದು ಕಡತವೊಂದರ ಚರಿತ್ರೆಯಾಗಿಯೂ ಕಾಣುತ್ತದೆ. ಮನವಿ ತೀರ್ಮಾನ ಮಾಡಬಲ್ಲವರ ಕೈಗೇ ಹೋಯಿತು. ಅದನ್ನು ಪರಿಶೀಲಿಸಲು ಸಮಿತಿ ಬಂತು, ಸಮಿತಿಗೆ ಅಂಕಿಅಂಶ ಸಿಕ್ಕಿತು, ಆದೇಶ ಹೊರಬಿತ್ತು. ಮೂರು ವರ್ಷ. ನಮ್ಮ ಕಚೇರಿಗಳ ಲೆಕ್ಕದಲ್ಲಿ ಅದು ಶರವೇಗ.

ಇನ್ನು ನಮ್ಮ ಗ್ರಂಥಾಲಯದ ಕಥೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಮನವಿ ಎಂಬುದು ಹೇಗೆ ಸೋಲುತ್ತದೆ, ಹೇಗೆ ಗೆಲ್ಲುತ್ತದೆ, ಗೆದ್ದೂ ಹೇಗೆ ಅರ್ಧದಲ್ಲಿ ನಿಲ್ಲುತ್ತದೆ ಎಂಬುದೆಲ್ಲ ಆ ಒಂದೇ ಕಡತದಲ್ಲಿತ್ತು.

ಒಂದು ವರ್ಷ ಆರುನೂರಕ್ಕೂ ಹೆಚ್ಚು ಸಹಿಗಳಿದ್ದ ಮನವಿ ಬಂತು. ಗ್ರಂಥಾಲಯವನ್ನು ದಿನದ 24 ಗಂಟೆಯೂ ತೆರೆಯಬೇಕು. ಮನವಿಯ ತುಂಬ ಜ್ಞಾನದ ದೀಪ, ಬಡ ಮಕ್ಕಳ ಕನಸು, ವಿದೇಶದ ವಿಶ್ವವಿದ್ಯಾಲಯಗಳ ಉದಾಹರಣೆ. ಓದಲು ಚೆನ್ನಾಗಿತ್ತು. ಷರಾ ಬಿತ್ತು, ಗ್ರಂಥಪಾಲಕರ ಅಭಿಪ್ರಾಯ ಕೇಳಲಾಯಿತು. ಅವರು ಐದು ಕಾರಣ ಬರೆದರು: ಸಿಬ್ಬಂದಿ ಇಲ್ಲ, ಪುಸ್ತಕಗಳು ಕಳುವಾಗುತ್ತವೆ, ವಿದ್ಯುತ್ ವೆಚ್ಚ, ಕಾವಲುಗಾರರಿಲ್ಲ, ವಿದ್ಯಾರ್ಥಿನಿಯರ ಸುರಕ್ಷತೆ. ಟಿಪ್ಪಣಿ ಅದನ್ನೇ ನಕಲು ಮಾಡಿತು. ಕಡತ ಮುಕ್ತಾಯ. ಆ ಟಿಪ್ಪಣಿ ಬರೆದದ್ದು ನಾನಲ್ಲ, ಆದರೆ ಬರೆಯಬೇಕಾಗಿ ಬಂದಿದ್ದರೆ ನಾನೂ ಹಾಗೆಯೇ ಬರೆಯುತ್ತಿದ್ದೆ. ಆ ಮನವಿಯಲ್ಲಿ ಬೇರೆ ಬರೆಯಲು ಏನೂ ಇರಲಿಲ್ಲ. ಆರುನೂರು ಸಹಿಗಳನ್ನು ಯಾರೂ ಎಣಿಸಲಿಲ್ಲ. ಸಹಿಯ ಹಾಳೆಗಳ ತಲೆಯ ಮೇಲೆ ಬೇಡಿಕೆಯನ್ನೇ ಬರೆದಿರಲಿಲ್ಲ. ಖಾಲಿ ಹಾಳೆಗಳಲ್ಲಿ ಸಹಿ ಹಾಕಿಸಿ ಪಿನ್ನು ಹೊಡೆದಿದ್ದರು. ‘ಇದು ಗ್ರಂಥಾಲಯಕ್ಕೆ ಹಾಕಿದ ಸಹಿಯೋ, ಪ್ರವಾಸಕ್ಕೆ ಹೆಸರು ಕೊಟ್ಟ ಪಟ್ಟಿಯೋ’ ಎಂದು ನಮ್ಮ ಅಧೀಕ್ಷಕರು ನಕ್ಕದ್ದು ನೆನಪಿದೆ.

ಮುಂದಿನ ವರ್ಷ ಅರ್ಥಶಾಸ್ತ್ರ ಎಂ.ಎ. ಓದುತ್ತಿದ್ದ ಇಬ್ಬರು ಹುಡುಗಿಯರು ನನ್ನ ಮೇಜಿನ ಮುಂದೆ ಬಂದು ನಿಂತರು.

‘ಸರ್, ಹೋದ ವರ್ಷ ಗ್ರಂಥಾಲಯದ ಬಗ್ಗೆ ಕೊಟ್ಟಿದ್ದ ಮನವಿಗೆ ಏನೆಂದು ಬರೆದಿದ್ದಾರೆ?’

‘ಅದು ಕಚೇರಿಯ ಟಿಪ್ಪಣಿ ಅಮ್ಮ, ಹಾಗೆಲ್ಲ ತೋರಿಸುವುದಕ್ಕೆ ಬರುವುದಿಲ್ಲ.’

‘ಮಾಹಿತಿ ಹಕ್ಕಿನಲ್ಲಿ ಕೇಳಿದರೆ?’

‘ಕೇಳಿದರೆ ಕೊಡಲೇಬೇಕು.’

ಕೇಳಿದರು. 2005ರ ಕಾಯ್ದೆಯ ಪ್ರಕಾರ 10 ರೂಪಾಯಿಯ ಪೋಸ್ಟಲ್ ಆರ್ಡರ್, ಪುಟಕ್ಕೆ 2 ರೂಪಾಯಿಯಂತೆ ನಕಲಿನ ಶುಲ್ಕ, 30 ದಿನದೊಳಗೆ ಉತ್ತರ. ಟಿಪ್ಪಣಿ ಹಾಳೆಯ ನಕಲು ಅವರ ಕೈಗೆ ಸಿಕ್ಕಿತು. ವಿದ್ಯಾರ್ಥಿಗಳು ಮಾಹಿತಿ ಹಕ್ಕನ್ನು ಹಗರಣ ಬಯಲಿಗೆಳೆಯುವ ಅಸ್ತ್ರವೆಂದಷ್ಟೇ ತಿಳಿದಿರುತ್ತಾರೆ. ತಮಗೆ ‘ಇಲ್ಲ’ ಎಂದದ್ದು ಯಾವ ಕಾರಣಕ್ಕೆ ಎಂದು ತಿಳಿಯಲು ಅದಕ್ಕಿಂತ ಅಗ್ಗದ ದಾರಿ ಇನ್ನೊಂದಿಲ್ಲ.

ಅವರ ಮನವಿ ಬಂದಾಗ ಅದರಲ್ಲಿ ಜ್ಞಾನದ ದೀಪ ಇರಲಿಲ್ಲ. ಉಲ್ಲೇಖದಲ್ಲಿ ಹಳೆಯ ಕಡತದ ಸಂಖ್ಯೆ ಇತ್ತು. ಆ ಒಂದು ಸಾಲಿಗೇ ಶಾಖೆಯಲ್ಲಿ ಎಲ್ಲರೂ ನೆಟ್ಟಗೆ ಕೂತರು. ಕೇಳಿದ್ದು ಇಡೀ ಗ್ರಂಥಾಲಯವನ್ನಲ್ಲ, ನೆಲಮಹಡಿಯ ವಾಚನಾಲಯವನ್ನು ಮಾತ್ರ. ಅದಕ್ಕೆ ಹೊರಗಿನಿಂದಲೇ ಬೇರೆ ಬಾಗಿಲಿತ್ತು, ಪುಸ್ತಕದ ಕಪಾಟುಗಳಿಗೆ ಅಲ್ಲಿಂದ ದಾರಿಯಿಲ್ಲ, ಹಾಗಾಗಿ ಕಳುವಿನ ಮಾತೇ ಇಲ್ಲ. ಕೇಳಿದ್ದು ವರ್ಷವಿಡೀ ಅಲ್ಲ, ಪರೀಕ್ಷೆಗೆ ಮುಂಚಿನ ಎರಡು ತಿಂಗಳು. 24 ಗಂಟೆಯಲ್ಲ, ರಾತ್ರಿ 12ರ ತನಕ. ಮೇಜಿನಲ್ಲಿ ಕೂರಲು ಕಲಿಕೆಯ ಜೊತೆ ಗಳಿಕೆ ಯೋಜನೆಯ ವಿದ್ಯಾರ್ಥಿಗಳು. ಪಕ್ಕದ ಕಟ್ಟಡಕ್ಕೆ ಆಗಲೇ ರಾತ್ರಿ ಕಾವಲುಗಾರನಿದ್ದ. ಅವನ ಸುತ್ತಿಗೆ ವಾಚನಾಲಯವನ್ನೂ ಸೇರಿಸಿದರೆ ಸಾಕು. ಜೊತೆಗೆ ಒಂದು ಪಟ್ಟಿ: ಸಂಜೆ ಮುಚ್ಚುವ ಗಂಟೆ ಹೊಡೆದು ಎಬ್ಬಿಸುವ ಹೊತ್ತಿಗೆ ಎಷ್ಟು ಮಂದಿ ಇನ್ನೂ ಓದುತ್ತಾ ಕೂತಿರುತ್ತಾರೆ ಎಂದು ಬಾಗಿಲಲ್ಲಿ ನಿಂತು ದಿನವೂ ಎಣಿಸಿ ಬರೆದದ್ದು. ಸಹಿಗಳು ಕಡಿಮೆ, ಐವತ್ತರ ಒಳಗೆ. ಪ್ರತಿಯೊಂದರ ಮುಂದೆ ನೋಂದಣಿ ಸಂಖ್ಯೆ, ವಿಭಾಗ.

ಕೊನೆಯ ಸಾಲು ನನಗೆ ಇವತ್ತಿಗೂ ಮೆಚ್ಚುಗೆ: ‘ಒಂದು ಸೆಮಿಸ್ಟರ್ ಅವಧಿಗೆ ಪ್ರಾಯೋಗಿಕವಾಗಿ ಜಾರಿಗೊಳಿಸಿ, ನಂತರ ಪರಿಶೀಲಿಸಬಹುದು.’ ಪ್ರಾಯೋಗಿಕ ಎಂದರೆ ಅಧಿಕಾರಿಗಳ ಅರ್ಧ ಭಯ ಇಳಿಯುತ್ತದೆ. ಶಾಶ್ವತವಾಗಿ ಒಪ್ಪಿದ್ದಕ್ಕೆ ಆಡಿಟ್‌ನವರಿಗೆ ಉತ್ತರ ಹೇಳಬೇಕು, ಪ್ರಾಯೋಗಿಕವಾದದ್ದನ್ನು ಯಾವಾಗ ಬೇಕಾದರೂ ನಿಲ್ಲಿಸಬಹುದು. ನಿಲ್ಲಿಸುವುದಿಲ್ಲ ಎಂಬುದು ಬೇರೆ ಮಾತು. ಒಮ್ಮೆ ಶುರುವಾದದ್ದನ್ನು ನಿಲ್ಲಿಸಲು ಇನ್ನೊಂದು ಕಡತ ಬೇಕು, ಆ ಕಡತವನ್ನು ಯಾರೂ ಹುಟ್ಟಿಸುವುದಿಲ್ಲ.

ಆದೇಶವಾಯಿತು. ಆದರೆ 12ರ ಜಾಗದಲ್ಲಿ ಕುಲಪತಿಗಳು ಹಸಿರು ಶಾಯಿಯಲ್ಲಿ 10 ಎಂದು ತಿದ್ದಿದ್ದರು. ಆಗ ಇನ್ನೊಂದು ಸಂಗತಿ ಎದುರಾಯಿತು. ಮಹಿಳಾ ವಿದ್ಯಾರ್ಥಿನಿಲಯದ ಗೇಟು ಮುಚ್ಚುವುದು 8 ಗಂಟೆಗೆ. ವಾಚನಾಲಯವನ್ನು ಹೊಡೆದಾಡಿ ತೆರೆಸಿದ ಹುಡುಗಿಯರೇ ಅಲ್ಲಿ ಕೂರುವಂತಿರಲಿಲ್ಲ. ಮೊದಲ ರಾತ್ರಿ ಅಲ್ಲಿ ಓದಿದವರೆಲ್ಲ ಹುಡುಗರು, ಅವರಲ್ಲಿ ಹೆಚ್ಚಿನವರು ಆ ಮನವಿಗೆ ಸಹಿಯನ್ನೂ ಹಾಕಿರಲಿಲ್ಲ.

ಆ ಹುಡುಗಿಯರು ಅತ್ತುಕೊಂಡು ಕೂರಲಿಲ್ಲ. ಕ್ಷೇಮಪಾಲಕರ ಸಮಿತಿಗೆ ಇನ್ನೊಂದು ಮನವಿ ಬರೆದರು. ವಿಶ್ವವಿದ್ಯಾಲಯ ಅನುದಾನ ಆಯೋಗದ 2015ರ ಲೈಂಗಿಕ ಕಿರುಕುಳ ತಡೆ ನಿಯಮಾವಳಿಯಲ್ಲಿ ಒಂದು ಅಂಶವಿದೆ: ಸುರಕ್ಷತೆಯ ನೆಪದಲ್ಲಿ ವಿದ್ಯಾರ್ಥಿನಿಲಯದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಿಗಿಲ್ಲದ ತಾರತಮ್ಯದ ನಿಯಮ ಹೇರಬಾರದು. ಅದೇ ವರ್ಷ ದೆಹಲಿಯಲ್ಲಿ ಪಿಂಜ್ರಾ ತೋಡ್ ಎಂಬ ಹೆಸರಿನಲ್ಲಿ ವಿದ್ಯಾರ್ಥಿನಿಯರು ಹಾಸ್ಟೆಲ್ ಗೇಟಿನ ಸಮಯದ ವಿರುದ್ಧ ಎದ್ದು, ತಮ್ಮ ಅನುಭವಗಳನ್ನು ಒಟ್ಟುಮಾಡಿ ದೆಹಲಿ ಮಹಿಳಾ ಆಯೋಗಕ್ಕೆ ಒಯ್ದಿದ್ದರು. ನಮ್ಮ ಹುಡುಗಿಯರ ಮನವಿಯಲ್ಲಿ ದೆಹಲಿಯ ಹೆಸರಿರಲಿಲ್ಲ, ನಿಯಮಾವಳಿಯ ಉಲ್ಲೇಖ ಮಾತ್ರ ಇತ್ತು. ಜಾಣತನ ಅದು. ‘ದೆಹಲಿ’ ಎಂದ ಕೂಡಲೇ ನಮ್ಮ ಹಿರಿಯ ಪ್ರಾಧ್ಯಾಪಕರು ಚಳವಳಿ, ಪಕ್ಷ, ಪ್ರಚೋದನೆ ಎಂದೆಲ್ಲ ಯೋಚಿಸಲು ಶುರುಮಾಡುತ್ತಾರೆ. ನಿಯಮದ ಸಂಖ್ಯೆ ಕಂಡರೆ ಕನ್ನಡಕ ಹಾಕಿಕೊಂಡು ಓದುತ್ತಾರೆ.

ಈ ಕಥೆಯನ್ನು ಮುಗಿಸುವ ಮುಂಚೆ ಸಹಿಯ ಬಗ್ಗೆ ಒಂದು ಮಾತು. ಸಹಿ ಹಾಕಲು ಹುಡುಗರು ಹೆದರುತ್ತಾರೆ. ಹೆದರಿಕೆ ಸುಳ್ಳಲ್ಲ. ಆಂತರಿಕ ಅಂಕ ಪ್ರಾಧ್ಯಾಪಕರ ಕೈಯಲ್ಲಿದೆ, ಸಂಶೋಧನಾ ವಿದ್ಯಾರ್ಥಿಯ ಭವಿಷ್ಯವಂತೂ ಮಾರ್ಗದರ್ಶಕರ ಒಂದು ಸಹಿಯಲ್ಲಿದೆ. ಅಧಿಕಾರಿಗಳು ಮೊದಲು ನೋಡುವುದು ಪಟ್ಟಿಯ ಮೊದಲ ಹೆಸರನ್ನು. ‘ಇವನೇ ನಾಯಕ’ ಎಂದು ತೀರ್ಮಾನವಾಗಿಬಿಡುತ್ತದೆ. ಹಿಂದೆ ಇಂಗ್ಲೆಂಡಿನ ನಾವಿಕರು ಕ್ಯಾಪ್ಟನ್ ವಿರುದ್ಧ ದೂರು ಬರೆಯುವಾಗ ಮೊದಲ ಹೆಸರು ಯಾರದೆಂದು ತಿಳಿಯದಂತೆ ವೃತ್ತಾಕಾರದಲ್ಲಿ ಸಹಿ ಹಾಕುತ್ತಿದ್ದರು, ಅದಕ್ಕೆ ರೌಂಡ್ ರಾಬಿನ್ ಎನ್ನುತ್ತಿದ್ದರು. ನಮ್ಮಲ್ಲಿ ಅಷ್ಟೆಲ್ಲ ಬೇಡ, ನೋಂದಣಿ ಸಂಖ್ಯೆಯ ಕ್ರಮದಲ್ಲಿ ಸಹಿ ಹಾಕಿದರೆ ಸಾಕು. ಆಗ ಮೊದಲನೆಯವನು ನಾಯಕನಲ್ಲ, ಪ್ರವೇಶಾತಿಯಲ್ಲಿ ಮೊದಲು ಬಂದವನಷ್ಟೇ. ಎಲ್ಲ ವಿಭಾಗಗಳಿಂದ ಐದೈದು ಸಹಿ ಇದ್ದರೆ ಒಂದೇ ವಿಭಾಗದ ಇನ್ನೂರು ಸಹಿಗಿಂತ ತೂಕ ಹೆಚ್ಚು. ಇನ್ನೂರು ಬಂದರೆ ‘ಯಾರೋ ಮೇಷ್ಟರು ಎತ್ತಿಕಟ್ಟಿದ್ದಾರೆ’ ಎಂದುಕೊಳ್ಳುತ್ತಾರೆ, ಒಮ್ಮೊಮ್ಮೆ ಅದು ನಿಜವೂ ಆಗಿರುತ್ತದೆ.

ಆನ್‌ಲೈನ್ ಸಹಿ ಸಂಗ್ರಹದ ಬಗ್ಗೆ ಕೇಳಿದರೆ ನನಗೆ ಅಷ್ಟು ಉತ್ಸಾಹವಿಲ್ಲ. ಐದು ಸಾವಿರ ಮಂದಿ ಒತ್ತಿದ್ದಾರೆ ಎಂದರೆ ಅದರಲ್ಲಿ ನಮ್ಮ ವಿದ್ಯಾರ್ಥಿಗಳು ಎಷ್ಟು ಎಂದು ಕಚೇರಿ ಕೇಳುತ್ತದೆ, ಉತ್ತರ ಇರುವುದಿಲ್ಲ. ಪತ್ರಿಕೆಯವರ ಗಮನ ಸೆಳೆಯಲು ಅದು ಆಗಬಹುದು. ಕಡತಕ್ಕೆ ಮಾತ್ರ ಕಾಗದವೇ ಬೇಕು, ಅಥವಾ ಕುಲಸಚಿವರ ಅಧಿಕೃತ ವಿಳಾಸಕ್ಕೆ ಹೋದ ಇಮೇಲ್. ಕಾಗದ ಕೊಟ್ಟರೆ ಎರಡನೇ ಪ್ರತಿಯ ಮೇಲೆ ಟಪಾಲು ಶಾಖೆಯ ಮೊಹರು, ದಿನಾಂಕ ಹಾಕಿಸಿಕೊಳ್ಳದೆ ಕಟ್ಟಡ ಬಿಟ್ಟು ಹೊರಡಬಾರದು. ಫೋಟೊಗೆ ಸಾಕ್ಷಿಯ ಬೆಲೆ ಇಲ್ಲ, ಮೊಹರಿಗೆ ಇದೆ.

ಎಲ್ಲವೂ ಸಾಮೂಹಿಕ ಮನವಿಯ ವಿಷಯವಲ್ಲ ಎಂಬುದನ್ನೂ ಹೇಳಬೇಕು. ಮೂಲ ದಾಖಲೆ ಹಿಡಿದಿಟ್ಟುಕೊಂಡಿದ್ದಾರೆ, ಶುಲ್ಕ ವಾಪಸು ಕೊಟ್ಟಿಲ್ಲ, ಫಲಿತಾಂಶ ತಡೆದಿದ್ದಾರೆ ಎಂಬಂಥ ತೊಂದರೆಗಳಿಗೆ ಅನುದಾನ ಆಯೋಗದ 2023ರ ನಿಯಮಾವಳಿಯ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಪ್ರಾಧ್ಯಾಪಕರೊಬ್ಬರು ಅಧ್ಯಕ್ಷರು, ವಿಶೇಷ ಆಹ್ವಾನಿತರಾಗಿ ಒಬ್ಬ ವಿದ್ಯಾರ್ಥಿ ಪ್ರತಿನಿಧಿ. ದೂರು ಕೊಟ್ಟ 15 ಕೆಲಸದ ದಿನಗಳೊಳಗೆ ವರದಿ ಬರಬೇಕು. ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಒಂಬುಡ್ಸ್‌ಪರ್ಸನ್‌ಗೆ, ಅಂದರೆ ಇಂಥ ದೂರುಗಳ ಮೇಲ್ವಿಚಾರಣೆಗೆಂದೇ ನೇಮಕವಾದವರಿಗೆ, ಮೇಲ್ಮನವಿ. ಅಂಕ ಕಡಿಮೆ ಬಂತೆಂಬ ದೂರಿಗೆ ಸಾಮಾನ್ಯವಾಗಿ ಅಲ್ಲಿ ಜಾಗವಿಲ್ಲ. ಅದಕ್ಕೆ ನಿಮ್ಮ ಉತ್ತರ ಪತ್ರಿಕೆಯನ್ನೇ ಕೇಳಿ ನೋಡುವುದು ಒಳ್ಳೆಯದು. ಪರೀಕ್ಷಾರ್ಥಿಗೆ ಆ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಮನವಿಯಿಂದ ಎಲ್ಲವೂ ಆಗುತ್ತದೆಂದು ನಾನು ನಂಬಿದವನಲ್ಲ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 2019ರಲ್ಲಿ ಹೊಸ ಕುಲಪತಿಯ ನೇಮಕದ ಆದೇಶ ಹೊರಡದೆ ನಿಂತಾಗ ಬರೀ ಪತ್ರದಿಂದ ಕೆಲಸವಾಗಲಿಲ್ಲ. ಸೆಪ್ಟೆಂಬರಿನಲ್ಲಿ ವಿದ್ಯಾರ್ಥಿಗಳು ಪರೀಕ್ಷೆಯನ್ನೇ ಬಹಿಷ್ಕರಿಸಿದರು, ಆದೇಶ ಬಂತು. ಕೊರೊನಾ ಕಾಲದಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಮಧ್ಯಂತರ ಸೆಮಿಸ್ಟರಿನ ಪರೀಕ್ಷೆಗಳ ವಿಷಯ ಹೈಕೋರ್ಟಿನ ತನಕ ಹೋಗಿ, 2021ರಲ್ಲಿ ವಿಶ್ವವಿದ್ಯಾಲಯದ ಸುತ್ತೋಲೆಯೇ ರದ್ದಾಯಿತು. ಆದರೆ ಗಮನಿಸಿ, ನ್ಯಾಯಾಲಯಕ್ಕೆ ಹೋದವರನ್ನು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು, ‘ನೀವು ವಿಶ್ವವಿದ್ಯಾಲಯಕ್ಕೆ ಮನವಿ ಕೊಟ್ಟಿದ್ದೀರಾ?’ ಮೊಹರು ಬಿದ್ದ ಆ ಎರಡನೇ ಪ್ರತಿ ಅಲ್ಲಿಯೂ ಬೇಕು.

ಸಮಯದ ಬಗ್ಗೆಯೂ ಒಂದು ಗುಟ್ಟು ಹೇಳಿಬಿಡುತ್ತೇನೆ, ಈಗ ನನಗೇನೂ ನೋಟಿಸು ಕೊಡಲಾರರು. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ತಂಡ ಬರುವ ವರ್ಷ ಆಡಳಿತದ ಮನಸ್ಸು ಬೆಣ್ಣೆ. ಮೌಲ್ಯಾಂಕನದಲ್ಲಿ ವಿದ್ಯಾರ್ಥಿ ಬೆಂಬಲಕ್ಕೆ, ಕುಂದುಕೊರತೆ ನಿವಾರಣೆಗೆ ಅಂಕಗಳಿವೆ, ವಿದ್ಯಾರ್ಥಿಗಳ ತೃಪ್ತಿಯ ಸಮೀಕ್ಷೆಯೂ ಇದೆ. ಗೋಡೆಗೆ ಸುಣ್ಣ ಬಳಿಯುವ ಆ ತಿಂಗಳುಗಳಲ್ಲಿ ‘ಮನವಿ ಬಂತು, ಪರಿಹರಿಸಿದೆವು’ ಎಂದು ತೋರಿಸಲು ಕಚೇರಿಗೇ ಕಡತಗಳು ಬೇಕಾಗಿರುತ್ತವೆ. ಉಳಿದ ವರ್ಷಗಳಲ್ಲಿ ಕಾಲ ಕಚೇರಿಯ ಕಡೆಗಿದೆ. ಎರಡು ವರ್ಷದ ಎಂ.ಎ.ಯಲ್ಲಿ ಮೊದಲ ಸೆಮಿಸ್ಟರ್ ಊರು ಪರಿಚಯವಾಗಲು ಹೋಗುತ್ತದೆ, ಕೊನೆಯದು ಯೋಜನಾ ವರದಿಗೆ. ನಡುವೆ ಉಳಿಯುವುದು ಒಂದು ವರ್ಷ. ‘ಜೂನ್ ತನಕ ತಳ್ಳಿ, ಆ ಬ್ಯಾಚು ಹೋಗುತ್ತದೆ’ ಎಂಬ ಮಾತನ್ನು ನಾನು ಒಂದಕ್ಕಿಂತ ಹೆಚ್ಚು ಅಧಿಕಾರಿಗಳ ಬಾಯಲ್ಲಿ ಕೇಳಿದ್ದೇನೆ. ಹೇಳುವಾಗ ಅವರಿಗೆ ಯಾವ ದ್ವೇಷವೂ ಇರುತ್ತಿರಲಿಲ್ಲ, ಮಳೆಗಾಲದ ಬಗ್ಗೆ ಮಾತಾಡಿದ ಹಾಗೆ ಹೇಳುತ್ತಿದ್ದರು.

ಗೇಟಿನ ವಿಷಯದಲ್ಲಿ ಆದದ್ದೂ ಸ್ವಲ್ಪ ಹಾಗೆಯೇ. ಕ್ಷೇಮಪಾಲಕರ ಸಮಿತಿ ಎರಡು ಸಲ ಸೇರಿ, ಪೋಷಕರ ಅಭಿಪ್ರಾಯ ಕೇಳಬೇಕೆಂದು ಒಂದು ಸಲ ಮುಂದೂಡಿ, ಕೊನೆಗೆ ಚಲನವಲನ ವಹಿಯಲ್ಲಿ ಸಹಿ ಮಾಡಿ ಹೋದವರಿಗೆ 9.30ರ ತನಕ ಅವಕಾಶ ಎಂದಿತು. ವಾಚನಾಲಯ ಹತ್ತಕ್ಕೆ ಮುಚ್ಚುತ್ತದೆ, ನಡೆದು ಬರಲು ಹದಿನೈದು ನಿಮಿಷ. ಅಂದರೆ ಹುಡುಗಿಯರು ಒಂಬತ್ತೂಕಾಲಿಗೆ ಪುಸ್ತಕ ಮುಚ್ಚಬೇಕು. ಆ ಮುಕ್ಕಾಲು ಗಂಟೆಗಾಗಿ ಇನ್ನೊಂದು ಮನವಿ ಬರೆಯುವ ಹೊತ್ತಿಗೆ ಅವರ ಪರೀಕ್ಷೆ ಮುಗಿದು ಊರಿಗೆ ಹೊರಟಿದ್ದರು. ಆದರೆ ಹೋಗುವ ಮುಂಚೆ ಇಡೀ ವ್ಯವಹಾರವನ್ನು, ಮೊಹರಿನ ಪ್ರತಿಗಳು, ಟಿಪ್ಪಣಿಯ ನಕಲು, ಎಣಿಕೆಯ ಪಟ್ಟಿ, ಸಮಿತಿಯ ನಡಾವಳಿ ಎಲ್ಲವನ್ನೂ ಒಂದು ನೀಲಿ ಫೈಲಿನಲ್ಲಿ ಸೇರಿಸಿ ಕಿರಿಯರಿಗೆ ಒಪ್ಪಿಸಿದ್ದರು. ಬ್ಯಾಚು ಹೋದರೂ ಫೈಲು ಹೋಗಲಿಲ್ಲ. ನಮ್ಮ ಕಚೇರಿಯಲ್ಲಿ ಇದಕ್ಕೆ ಯಾರೂ ತಯಾರಿರಲಿಲ್ಲ.

ಅಷ್ಟರಲ್ಲಿ ನಾನು ನಿವೃತ್ತನಾದೆ. ಕಿರಿಯರು 10.15ರ ಕೋರಿಕೆಯನ್ನು ಈಗ ಸಮಿತಿಯ ಮುಂದೆ ಇಟ್ಟಿದ್ದಾರೆ, ಹಿಂಬರಹ ಇನ್ನೂ ಬಂದಿಲ್ಲವಂತೆ. ಕಳೆದ ವಾರ ಅವರಲ್ಲೊಬ್ಬಳು ಫೋನ್ ಮಾಡಿದ್ದಳು.

‘ಸರ್, ನೆನಪೋಲೆಯನ್ನು ಎಷ್ಟು ದಿನ ಬಿಟ್ಟು ಕೊಡಬೇಕು?’

‘ಹದಿನೈದು ದಿನ ಬಿಟ್ಟು ಕೊಡಿ ಅಮ್ಮ.’

‘ಆದರೆ ಕ್ಷೇಮಪಾಲಕರ ಸಭೆ ಮುಂದಿನ ಗುರುವಾರವೇ ಇದೆಯಂತಲ್ಲ ಸರ್.’

‘ಹಾಗಿದ್ದರೆ ನಾಳೆ ಬೆಳಿಗ್ಗೆಯೇ ಕೊಡಿ. ಹನ್ನೊಂದರ ಒಳಗೆ ಹೋಗಿ, ಆಮೇಲೆ ಟಪಾಲು ಶಾಖೆಯವರು ಕಾಫಿಗೆ ಏಳುತ್ತಾರೆ.’